ನೀಲತ್ತೆಯ ಬ್ರೇಕು

ಬ್ರೇಕ್ ಆಯಿಲ್‌ಗೆ ತನ್ನದೇ ಒಂದು ವಾಸನೆ ಇದೆ. ಹರಳೆಣ್ಣೆಗೆ ಒಂದಿಷ್ಟು ಸ್ಪಿರಿಟ್ ಬೆರೆಸಿ, ತುಕ್ಕು ಹಿಡಿದ ತಗಡಿನ ಡಬ್ಬದಲ್ಲಿ ಮುಚ್ಚಿಟ್ಟು ಮರೆತರೆ ಹೇಗಿರುತ್ತದೋ ಹಾಗೆ. ಹೋದ ಶ್ರಾವಣದ ಒಂದು ಬೆಳಿಗ್ಗೆ ಸುಂಕದಕಟ್ಟೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಲೋಕೇಶ್ ನಮ್ಮ ಹಳೆಯ ಕಾಂಟೆಸ್ಸಾದ ಬಾನೆಟ್ಟಿನೊಳಗಿಂದ ಕರಿಯ ಬಣ್ಣದ, ಮುಚ್ಚಳ ಹಾಕಿದ ಬೋಗುಣಿಯಂಥ ಒಂದು ಡಬ್ಬವನ್ನು ಬಿಚ್ಚಿ ತೆಗೆದು ಓರೆಯಾಗಿ ಹಿಡಿದ. ಒಳಗಿನಿಂದ ಡಿಕಾಕ್ಷನ್ ಬಣ್ಣದ ದ್ರವ ಸಿಮೆಂಟಿನ ನೆಲಕ್ಕೆ ಸುರಿಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೂವತ್ತು ವರ್ಷ ಹಿಂದಕ್ಕೆ ಹೋಗಿ ನಿಂತಿದ್ದೆ. ಲೋಕೇಶ್ ತನ್ನ ಪಾಡಿಗೆ ಹೇಳುತ್ತಿದ್ದ: “ಮೇಡಂ, ಬೂಸ್ಟರ್ ಪೂರ್ತಿ ಹೋಗಿದೆ. ಇದಕ್ಕೆ ಪಾರ್ಟ್ಸ್ ಎಲ್ಲೂ ಸಿಗಲ್ಲ. ಇದನ್ನ ತೆಗೆದುಹಾಕಿ ಬ್ರೇಕ್ ಡೈರೆಕ್ಟ್ ಮಾಡ್ಕೊಡ್ತೀನಿ. ಪೆಡಲ್ ಸ್ವಲ್ಪ ಗಟ್ಟಿಯಾಗುತ್ತೆ ಅಷ್ಟೇ. ನಿಮ್ಮ ಕಾಲಿಗೇನ್ ಮೇಡಂ, ಚೆನ್ನಾಗೇ ಇದೆಯಲ್ಲ.”

ಬೂಸ್ಟರ್ ಎಂದರೇನೆಂದು ತಿಳಿಯದವರಿಗೆ ಒಂದು ಮಾತು. ಇಂಜಿನ್ ಓಡುವಾಗ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಆ ಎಳೆತದ ಬಲವನ್ನು ಈ ಡಬ್ಬ ಬ್ರೇಕಿಗೆ ಕೊಡುತ್ತದೆ. ಒಳಗೊಂದು ಅಗಲವಾದ ರಬ್ಬರಿನ ಪೊರೆ ಇರುತ್ತದೆ. ಪೆಡಲಿನ ಮೇಲೆ ಮೆಲ್ಲಗೆ ಕಾಲಿಟ್ಟರೆ ಸಾಕು, ಉಳಿದದ್ದನ್ನು ಅದು ಒತ್ತಿಕೊಡುತ್ತದೆ. ಗಟ್ಟಿಮುಟ್ಟಾದ ಕಾಲಿನವರಿಗೆ ಇದೊಂದು ಸಣ್ಣ ಅನುಕೂಲ. ನಮ್ಮ ನೀಲತ್ತೆ ಅದೊಂದಿಲ್ಲದೆ ಕಾರು ಓಡಿಸುವಂತೆಯೇ ಇರಲಿಲ್ಲ. ಅಪ್ಪಾಜಿಯ ತಂಗಿ ನೀಲಾಂಬಿಕೆಗೆ ಎರಡು ವರ್ಷದವಳಿದ್ದಾಗ ಪೋಲಿಯೊ ಆಗಿ ಬಲಗಾಲು ಸೊರಗಿಹೋಗಿತ್ತು. ತೊಡೆಯಲ್ಲಿ ಒಂದಿಷ್ಟು ಬಲ ಉಳಿದಿತ್ತು, ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ. ಕಬ್ಬಿಣದ ಕಂಬಿಯಿದ್ದ ಬೂಟು ಹಾಕಿಕೊಂಡು ಅವಳು ನಡೆಯುವಾಗ ‘ಟಕ್, ಸರ್ರ್’ ಎಂದು ಎರಡು ಸದ್ದು ಬರುತ್ತಿತ್ತು. ಮನೆಯಲ್ಲಿ ಯಾವ ಮೂಲೆಯಲ್ಲಿದ್ದರೂ ಅತ್ತೆ ಈಗ ಎಲ್ಲಿದ್ದಾಳೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ಆ ಮನೆ ಬಸವೇಶ್ವರನಗರದಲ್ಲಿತ್ತು. ಕೆಳಗೆ ನಾವು, ಮೇಲೆ ಬಾಡಿಗೆಯ ಎರಡು ಪೋರ್ಷನ್. ಅಜ್ಜ ಚಿತ್ರದುರ್ಗದ ಕಡೆಯಿಂದ ಬಂದು ಮಾಗಡಿ ರಸ್ತೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟು ಕಟ್ಟಿಸಿದ ಮನೆ. ಬೆಳಗಿನ ಹೊತ್ತು ಅಲ್ಲಿ ವಿಭೂತಿಯ ತಣ್ಣನೆಯ ಪರಿಮಳವೂ ಅಮ್ಮ ತಟ್ಟುತ್ತಿದ್ದ ಜೋಳದ ರೊಟ್ಟಿಯ ಸುಟ್ಟ ಘಮವೂ ಒಂದರೊಳಗೊಂದು ಬೆರೆತು, ಕೆಂಪು ಗಾರೆಯ ನೆಲದ ಮೇಲೆ ಕಿಟಕಿಯ ಕಂಬಿಗಳ ನೆರಳು ಬಿದ್ದಿರುತ್ತಿತ್ತು. ಮೇಲಿನ ಪೋರ್ಷನ್ನಿನವರ ಕುಕ್ಕರ್ ಕೂಗುತ್ತಿತ್ತು. ನಿಮ್ಮ ಬಾಲ್ಯದ ಮನೆಯಲ್ಲೂ ಇಂಥ ಒಂದು ಬೆಳಗು ಇದ್ದಿರಬೇಕು. ಆಗ ಅದನ್ನು ಯಾರೂ ಎತ್ತಿಡಬೇಕೆಂದುಕೊಳ್ಳಲಿಲ್ಲ, ಅದು ಮರುದಿನವೂ ಬರುತ್ತಿತ್ತಲ್ಲ. ನೀಲತ್ತೆ ವಿಜಯನಗರದ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ದಿನಾ ಬಸ್ಸು. ಮೆಟ್ಟಿಲು ಎತ್ತರ, ಹಿಂದೆ ನಿಂತವರಿಗೆ ಅವಸರ. ಅವಳು ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಡುವಷ್ಟರಲ್ಲಿ ಒಮ್ಮೊಮ್ಮೆ ಬಸ್ಸು ಹೊರಟೇಬಿಡುತ್ತಿತ್ತು. ಮನೆಗೆ ಬಂದು ಈ ವಿಷಯ ಅವಳು ಹೇಳಿದ್ದನ್ನು ನಾನು ಕೇಳಿಲ್ಲ. ಮಂಡಿಯ ಮೇಲಿನ ತರಚುಗಾಯಕ್ಕೆ ಅರಿಸಿನ ಹಚ್ಚಿಕೊಳ್ಳುವುದನ್ನು ಮಾತ್ರ ನೋಡಿದ್ದೇನೆ.

ಕಾರು ಬಂದದ್ದು ಒಂದು ಮದುವೆಯಿಂದಾಗಿ. ಅಜ್ಜನ ಸ್ನೇಹಿತರೊಬ್ಬರು ತಮ್ಮ ಕಾಂಟೆಸ್ಸಾವನ್ನು ಛತ್ರದ ಮುಂದೆ ಇಂಜಿನ್ ಆರಿಸದೆ ನಿಲ್ಲಿಸಿ ಯಾರನ್ನೋ ಕರೆಯಲು ಒಳಗೆ ಹೋಗಿದ್ದರು. ನೀಲತ್ತೆ ಮೆಲ್ಲಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತುಬಿಟ್ಟಳು. ಹಿಂದೊಮ್ಮೆ, ಆಗ ಅಪ್ಪಾಜಿಯ ಬಳಿಯಿದ್ದ ಬೂಸ್ಟರ್ ಇಲ್ಲದ ಫಿಯಟ್‌ನಲ್ಲಿ ಹೀಗೇ ಕುಳಿತು, ಬ್ರೇಕ್ ಒತ್ತಲಾರದೆ ಇಳಿದು ಬಂದಿದ್ದಳು. ಈ ಸಲ ತೊಡೆಯಿಂದ ಕಾಲನ್ನು ನೂಕಿ ಪೆಡಲಿನ ಮೇಲಿಟ್ಟಳು. ಅದು ಬೆಣ್ಣೆಯೊಳಗೆ ಬೆರಳಿಳಿದ ಹಾಗೆ ಕೆಳಗಿಳಿಯಿತು. ಅಜ್ಜ ಬಾಗಿಲ ಬಳಿ ನಿಂತಿದ್ದರು. “ಅಪ್ಪಾ, ಇದು ನನ್ನ ಕಾಲಿನ ಮಾತು ಕೇಳುತ್ತೆ,” ಎಂದಳಂತೆ. ಅಷ್ಟೇ. ಎರಡು ವರ್ಷದ ಮೇಲೆ ಆ ಸ್ನೇಹಿತರು ಕಾರು ಮಾರುವಾಗ ಅಜ್ಜ ಬೇರೆಯವರಿಗೆ ಹೋಗಲು ಬಿಡಲಿಲ್ಲ. ನಮ್ಮ ಪೋರ್ಟಿಕೊಗೆ ಅದು ಒಂದೂವರೆ ಅಡಿ ಉದ್ದವಾಯಿತು. ಅಜ್ಜ ಅಜ್ಜಿಯ ದಾಸವಾಳದ ಗಿಡಗಳನ್ನು ಕೀಳಿಸಿ, ಕಾಂಪೌಂಡಿನ ಗೋಡೆ ಒಡೆಸಿ ಮುಂದಕ್ಕೆ ಕಟ್ಟಿಸಿದರು. ಅಜ್ಜಿ ಒಂದು ವಾರ ಅಜ್ಜನ ಜೊತೆ ಮಾತಾಡಲಿಲ್ಲ. ಅತ್ತೆ ಕಲಿತಳು, ಲೈಸೆನ್ಸ್ ಪಡೆದಳು. ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರು ರಸ್ತೆಯಲ್ಲಿ ಕೆಂಗೇರಿಯವರೆಗೆ ಹೋಗಿ, ಸ್ಟೇಷನ್ ಬಳಿ ಚುರುಮುರಿ ತಿನ್ನಿಸಿ ಕರೆತರುತ್ತಿದ್ದಳು. ಕಿಟಕಿಯಿಂದ ಗಾಳಿ ನುಗ್ಗಿ ಅವಳ ಸೆರಗು ಹಾರುತ್ತಿತ್ತು. ಸ್ಟಿಯರಿಂಗ್ ಹಿಡಿದು ಕುಳಿತ ಅತ್ತೆಗೆ ಕಾಲಿನ ಸದ್ದು ಇರಲಿಲ್ಲ. ನೋಡಿದವರಿಗೆ ಅವಳು ಕಾರು ಓಡಿಸುವ ಒಬ್ಬ ಹೆಂಗಸು, ಅಷ್ಟೇ.

ನನಗೆ ಒಂಬತ್ತು ತುಂಬಿದ ವರ್ಷ ಆ ಅವಘಡ ಆಯಿತು. ಕಮಲಾನಗರದ ಕಡೆಗೆ ಇಳಿಯುವ ಇಳಿಜಾರು. ಸಂಜೆ ಐದರ ಹೊತ್ತು. ಎರಡು ದಿನದಿಂದ ಪೆಡಲಿನ ಹತ್ತಿರ ಸುಸ್ ಎನ್ನುವ ಸದ್ದು ಬರುತ್ತಿತ್ತು. ತೋರಿಸಬೇಕೆಂದುಕೊಂಡು ಅತ್ತೆ ತೋರಿಸಿರಲಿಲ್ಲ. ಮುಂದೆ ಸೊಪ್ಪಿನ ಗಾಡಿಯವನು ಅಡ್ಡ ಬಂದ. ಅತ್ತೆ ತೊಡೆಯಿಂದ ಕಾಲನ್ನು ನೂಕಿದಳು. ಪೆಡಲ್ ಕಲ್ಲಾಗಿತ್ತು. “ಶೈಲೂ, ಹ್ಯಾಂಡ್‌ಬ್ರೇಕ್! ಎರಡೂ ಕೈಲಿ ಎಳಿ!” ನಾನು ಜೋತುಬಿದ್ದೆ, ನನ್ನ ಕೈಗಳ ಮೇಲೆ ಅವಳ ಎಡಗೈ ಬಂತು. ಕಾರು ವಾಲಿ, ಎಡಕ್ಕೆ ತಿರುಗಿ, ಮನೆ ಕಟ್ಟುವವರು ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸೊಪ್ಪಿನವನು ಬೈಯುವುದನ್ನೂ ಮರೆತು ನನ್ನ ತಲೆ ಸವರಿದ. ಸೇರಿದ ಜನರ ಹಿಂದಿನಿಂದ ಮಾತ್ರ ಒಬ್ಬರು ಅಂದರು: “ಕಾಲಿಲ್ದೋರಿಗೆ ಯಾಕ್ರೀ ಬೇಕು ಕಾರು?” ಅತ್ತೆ ಬಾಗಿಲು ತೆರೆದು, ಬಲಗಾಲನ್ನು ಕೈಯಿಂದ ಎತ್ತಿ ಹೊರಗಿಟ್ಟು, ಎದ್ದು ನಿಂತು ಆ ಕಡೆ ನೋಡಿದಳು. ಹೇಳಿದವರು ಯಾರೆಂದು ಗೊತ್ತಾಗಲಿಲ್ಲ.

ಮನೆಯಲ್ಲಿ ಅಪ್ಪಾಜಿ ಕೂಗಾಡಲಿಲ್ಲ. ಕಾರಿನ ಕೀ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. “ಸಾಕು ನೀಲಾ. ಮಗು ಇತ್ತು ಕಾರಲ್ಲಿ.” ಅತ್ತೆ, “ತಪ್ಪು ನಂದೇ ಅಣ್ಣ. ಸದ್ದು ಬರ್ತಿತ್ತು, ತೋರಿಸ್ಲಿಲ್ಲ,” ಎಂದಳು. ಬೀರುವಿನ ಬೀಗದ ಕಡೆ ನೋಡಿ, “ಆದ್ರೆ ಸಾಕು ಅಂತ ನೀನು ಹೇಳ್ಬೇಡ,” ಎಂದು ಒಳಗೆ ಹೋದಳು. ಮರುದಿನದಿಂದ ಮತ್ತೆ ಬಸ್ಸು. ಕಾಲೇಜು ಮುಗಿಸಿ ಅವಳು ನೇರ ಮನೆಗೆ ಬರುತ್ತಿರಲಿಲ್ಲ, ಕಾಮಾಕ್ಷಿಪಾಳ್ಯದಲ್ಲಿ ಇಳಿಯುತ್ತಿದ್ದಳು. ಅಜ್ಜ ಕಾರನ್ನು ಅಲ್ಲಿನ ಮೆಕ್ಯಾನಿಕ್ ಪೀರ್ ಸಾಬರ ಶೆಡ್ಡಿಗೆ ಎಳೆಸಿಕೊಂಡು ಹೋಗಿದ್ದರು. ಪೀರ್ ಸಾಬರು ಡಬ್ಬ ಬಿಚ್ಚಿದ ದಿನ ನಾನೂ ಇದ್ದೆ. ಬ್ರೇಕ್ ಆಯಿಲ್ ಸೋರಿ ಒಳಗೆ ಸೇರಿಕೊಂಡು ರಬ್ಬರಿನ ಪೊರೆ ನೆಂದ ಹಪ್ಪಳದಂತಾಗಿ ಹರಿದಿತ್ತು. ಆ ವಾಸನೆ ನನ್ನ ಶಾಲೆಯ ಬ್ಯಾಗಿಗೂ ಹತ್ತಿಕೊಂಡಿತು. “ಅಮ್ಮಾ, ಈ ರಬ್ಬರ್ ಮಾರ್ಕೆಟ್‌ನಲ್ಲಿ ಇಲ್ಲ. ಡೈರೆಕ್ಟ್ ಮಾಡಿಬಿಡ್ತೀನಿ,” ಎಂದರು ಸಾಬರು. ಅತ್ತೆ ಆ ಹರಿದ ರಬ್ಬರನ್ನು ಕೈಗೆ ತೆಗೆದುಕೊಂಡಳು. “ಕಾಲು ಬದಲಾಯಿಸೋಕೆ ಆಗಲ್ಲ ಪೀರ್ ಸಾಬ್ರೇ. ರಬ್ಬರನ್ನೇ ಬದಲಾಯಿಸ್ಬೇಕು.”

ಅವಳು ಅದನ್ನು ಮನೆಗೆ ತಂದು, ತೊಳೆದು, ಊಟದ ಮೇಜಿನ ಮೇಲೆ ಹರಡಿದಳು. ಅಮ್ಮ ಮೂಗು ಮುಚ್ಚಿಕೊಂಡು ಮಜ್ಜಿಗೆಯ ಪಾತ್ರೆ ಎತ್ತಿಕೊಂಡು ಹೋದಳು. ಊದಿ ಹರಿದ ರಬ್ಬರಿನಿಂದ ಸರಿಯಾದ ಅಳತೆ ಸಿಗದೆ, ಮಾರನೆಯ ದಿನ ಶೆಡ್ಡಿಗೆ ಹೋಗಿ ಡಬ್ಬದ ಅಂಚಿನ ಸುತ್ತ ದಾರ ಸುತ್ತಿ, ಆ ದಾರ ಅಳೆದು, ಭಾಗಿಸಿ ವ್ಯಾಸ ತೆಗೆದಳು. ನಡುವಿನ ತೂತಿಗೆ ಕಂಪಾಸ್. ಎಲ್ಲವನ್ನೂ ಚೌಕುಳಿ ಹಾಳೆಯ ಮೇಲೆ ಚಿತ್ರ ಬರೆದು, ಮೂರು ಶನಿವಾರ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಜೆ.ಸಿ. ರಸ್ತೆಗೆ ಹೋದಳು. ಆ ಬಿಡಿಭಾಗಗಳ ಬೀದಿಯಲ್ಲಿ ಒಂದೊಂದು ಅಂಗಡಿಗೂ ಮೂರು ನಾಲ್ಕು ಮೆಟ್ಟಿಲು. ಅತ್ತೆ ಒಂದನ್ನೂ ಬಿಡಲಿಲ್ಲ. ‘ಟಕ್, ಸರ್ರ್’ ಎಂದು ಹತ್ತುವಳು, ಹಾಳೆ ಬಿಚ್ಚುವಳು, ಇಲ್ಲವೆಂದರೆ ಮಡಿಸಿಕೊಂಡು ಇಳಿಯುವಳು. ಮೂರನೆಯ ಶನಿವಾರ ವಯಸ್ಸಾದ ಅಂಗಡಿಯವರೊಬ್ಬರು ಹಾಳೆಯನ್ನು ತುಂಬ ಹೊತ್ತು ನೋಡಿ, “ಇದನ್ನ ಬರೆದ ಇಂಜಿನಿಯರ್ ಯಾರಮ್ಮ?” ಎಂದು ಕೇಳಿದರು. “ನಾನೇ, ಸಾರ್. ಲೆಕ್ಕದ ಮೇಷ್ಟ್ರು.” ಅವರು ಅಟ್ಟ ಹತ್ತಿಸಿ ಹುಡುಕಿಸಿ, ಯಾವುದೋ ವ್ಯಾನಿಗೆ ಹಾಕುವ ಪೊರೆಯೊಂದನ್ನು ತಂದಿಟ್ಟರು. ಅತ್ತೆ ಸ್ಕೇಲ್ ಇಟ್ಟು ಅಳೆದಳು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕುಳಿತು, ನನ್ನ ಹೆಗಲ ಮೇಲೆ ಕೈಯಿಟ್ಟು, ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವಳಿಗೆ ಅಷ್ಟು ದಣಿವಾಗಿತ್ತೆಂದು ನನಗೆ ಗೊತ್ತಾದದ್ದೇ ಆಗ.

ಸಾಬರು ಸೋರುವ ಜಾಗ ಸರಿಪಡಿಸಿ, ಹೊಸ ಪೊರೆ ಕೂರಿಸಿ, ಡಬ್ಬ ಮುಚ್ಚಿ ಕೊಟ್ಟ ಭಾನುವಾರ ಅತ್ತೆ ಅಪ್ಪಾಜಿಗೆ ಹೇಳಿದಳು: “ನೀನು ಕಾರು ಹತ್ತೋದು ಬೇಡ ಅಣ್ಣ. ಇಳಿಜಾರಿನ ಕೆಳಗೆ ನಿಂತು ನೋಡು, ಸಾಕು.” ಅಪ್ಪಾಜಿ ಬೀರುವಿನ ಬೀಗ ತೆಗೆದು ಕೀ ಕೊಟ್ಟರು. ಪಕ್ಕದಲ್ಲಿ ಅಜ್ಜ ಕುಳಿತರು. ಕೇಳದೆಯೇ, ಪಂಚೆ ಮೇಲೆತ್ತಿಕೊಂಡು, ಮದುವೆಗೆ ಹೊರಟವರ ಹಾಗೆ. ನಾನು ಅಪ್ಪಾಜಿಯ ಜೊತೆ ಕೆಳಗೆ ನಿಂತಿದ್ದೆ. ಮೇಲಿನ ತಿರುವಿನಲ್ಲಿ ಕಾರಿನ ಮೂತಿ ಕಂಡಾಗ ಅವರು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬೆರಳುಗಳು ನೋಯತೊಡಗಿದವು. ಕಾರು ಇಳಿಯಿತು. ನಡುವೆ ಒಮ್ಮೆ ನಿಂತಿತು. ಮತ್ತೆ ಹೊರಟು, ಮತ್ತೆ ನಿಂತಿತು. ಮೂರನೆಯ ಸಲ ನಮ್ಮ ಮುಂದೆಯೇ ಬಂದು ನಿಂತಾಗ ಅಪ್ಪಾಜಿಯ ಕೈ ಸಡಿಲವಾಯಿತು. ಅವರು ಹಿಂದಿನ ಬಾಗಿಲು ತೆರೆದು ನನ್ನನ್ನು ಒಳಗೆ ಕೂರಿಸಿ, ತಾವೂ ಹತ್ತಿದರು. ಕಾರು ಮನೆಯ ಕಡೆ ತಿರುಗಿದಾಗ, “ನಾಳೆ ಕಾಲೇಜಿಗೆ ಹೋಗ್ತಾ ನನ್ನನ್ನ ರಾಜಾಜಿನಗರ ಎಂಟ್ರೆನ್ಸ್ ಹತ್ರ ಇಳಿಸು,” ಎಂದರು. ಅತ್ತೆ, “ಎಂಟಕ್ಕೆ ರೆಡಿ ಇರ್ಬೇಕು,” ಎಂದಳು.

ಆಮೇಲೆ ಇಪ್ಪತ್ತು ವರ್ಷ ಅವಳು ಆ ಕಾರು ಓಡಿಸಿದಳು. ಅಜ್ಜ ಹೋದರು, ಅಜ್ಜಿ ಹೋದರು. ಪೋರ್ಷನ್ನಿನವರು ಒಬ್ಬೊಬ್ಬರಾಗಿ ಸ್ವಂತ ಮನೆ ಮಾಡಿಕೊಂಡರು. ಒಂದು ಆಷಾಢದಲ್ಲಿ ಅಮ್ಮ ಹೋದಳು. ವಯಸ್ಸಾದಂತೆ ಅತ್ತೆಯ ತೊಡೆಯಲ್ಲಿದ್ದ ಬಲವೂ ಇಳಿಯತೊಡಗಿತು. ಪೋಲಿಯೊ ಆದವರಿಗೆ ಮುಪ್ಪಿನಲ್ಲಿ ಹೀಗಾಗುವುದುಂಟಂತೆ. ಅರವತ್ತು ತುಂಬಿದ ಮೇಲೆ ಒಂದು ಬೆಳಿಗ್ಗೆ ಅವಳೇ ಕೀ ತಂದು ಅಪ್ಪಾಜಿಯ ಮುಂದಿಟ್ಟು, “ಈಗ ಸಾಕು,” ಎಂದಳು. ಮನೆ ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಕಾರು ಕೆಂಗೇರಿಯ ನೆಂಟರ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತು. ವಿಜಯನಗರದ ನನ್ನ ಮನೆಯಲ್ಲಿ, ನನ್ನ ಮಗಳಿಗೆ ಬೀಜಗಣಿತ ಹೇಳಿಕೊಡುತ್ತಲೇ, ಹೋದ ವರ್ಷದ ಹಿಂದಿನ ವರ್ಷ ಅತ್ತೆ ತೀರಿಕೊಂಡಳು.

ಶೆಡ್ಡು ಕೆಡವುತ್ತೇವೆ, ಕಾರು ತೆಗೆದುಕೊಂಡು ಹೋಗಿ ಎಂದು ನೆಂಟರಿಂದ ಫೋನ್ ಬಂದಾಗ ನನ್ನ ತಮ್ಮ, “ಗುಜರಿಗೆ ಹಾಕೋಣ ಕಣೇ, ಅಕ್ಕ,” ಎಂದ. ನಾನು ಅದನ್ನು ಸುಂಕದಕಟ್ಟೆಗೆ ಎಳೆಸಿಕೊಂಡು ಬಂದೆ. ಹೀಗಾಗಿಯೇ ನಾನು ಲೋಕೇಶನ ಮುಂದೆ ನಿಂತಿದ್ದು, ಅವನು ನನ್ನ ಕಾಲು ಚೆನ್ನಾಗಿದೆ ಎಂದದ್ದು. “ಡೈರೆಕ್ಟ್ ಬೇಡ,” ಎಂದೆ. ಅವನು ನಕ್ಕು, “ಮೇಡಂ, ನೀವು ವರ್ಷಕ್ಕೆ ಎರಡು ಸಲ ಓಡಿಸ್ತೀರ,” ಎಂದ. ಎರಡೇ ಸಲವಾದರೂ ಅದು ಅವಳ ಕಾರಾಗಿಯೇ ಓಡಬೇಕು ಎಂದೆ. ಇಡೀ ಕಥೆ ಹೇಳಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಕೇಳಿದ. ತಗಡೇ ತುಕ್ಕು ತಿಂದುಹೋಗಿದ್ದರಿಂದ ಈ ಸಲ ಪೊರೆ ಬದಲಿಸಿದರೆ ಸಾಲದಾಗಿತ್ತು. ಇಡೀ ಬೂಸ್ಟರೇ ಬೇರೆ ಬೇಕು. ನಾಲ್ಕು ಗಾಡಿಗಳ ಬೂಸ್ಟರ್ ತಂದು ಇಟ್ಟು ನೋಡಿದೆವು. ಒಂದರ ಬೋಲ್ಟು ಕೂಡಲಿಲ್ಲ, ಒಂದರಲ್ಲಿ ಪೆಡಲಿಗೆ ಸೇರುವ ಕಡ್ಡಿ ಗಿಡ್ಡ, ಇನ್ನೊಂದು ಬಾನೆಟ್ಟಿಗೆ ತಾಗಿತು. ನಾಲ್ಕನೆಯದಕ್ಕೆ ಲೋಕೇಶ್ ಲೇಥ್ ಅಂಗಡಿಯಲ್ಲಿ ಅದನ್ನು ಕೂರಿಸುವ ಹೊಸ ಪಟ್ಟಿ ಮಾಡಿಸಿದ. ಎರಡು ಸಲ ತಪ್ಪಿತು. ಮೂರನೆಯ ಸಲ ಕೂತಿತು. ಅಷ್ಟರಲ್ಲಿ ಕಾರ್ತಿಕ ಬಂದಿತ್ತು. ಕೊನೆಕೊನೆಗೆ ನನಗಿಂತ ಅವನಿಗೇ ಹಟ ಹೆಚ್ಚಾಗಿತ್ತು.

ಮೊದಲ ದಿನ ಅಪ್ಪಾಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಅವರಿಗೀಗ ಎಂಬತ್ತು ದಾಟಿದೆ, ಕಿವಿ ಮಂದ. ಮಾಗಡಿ ರಸ್ತೆಯ ಲಾರಿಗಳ ನಡುವೆ ಮೆಲ್ಲಗೆ ಸಾಗಿ, ಬಸವೇಶ್ವರನಗರದೊಳಗೆ ತಿರುಗಿ, ನಮ್ಮ ರಸ್ತೆಗೆ ಬಂದೆವು. ಎರಡೂ ಬದಿಗೆ ಒಂದೇ ಎತ್ತರದ ಕಟ್ಟಡಗಳು, ಕೆಳಗೆಲ್ಲ ಸ್ಕೂಟರುಗಳ ಸಾಲು. ನಮ್ಮದು ಯಾವುದೆಂದು ನಾನು ಗುರುತಿಸುವಷ್ಟರಲ್ಲಿ ದಾಟಿ ಹೋಗಿತ್ತು. ಹಿಂದಕ್ಕೆ ತಿರುಗಿಸಲಾ ಎಂದು ಕೇಳಿದೆ. ಅವರು ಬೇಡವೆಂದು ಕೈಯಾಡಿಸಿದರು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪೆಡಲಿನ ಮೇಲೆ ಕಾಲಿಟ್ಟೆ. ಅದು ಮೆತ್ತಗೆ ಇಳಿದು ಕಾರು ನಿಂತಿತು. ಮೂರು ತಿಂಗಳ ದುಡಿಮೆ ಸಾರ್ಥಕವಾಯಿತೆಂದು ನಾನು ಅವರ ಮುಖ ನೋಡಿದೆ. ಅಪ್ಪಾಜಿ ಎದುರಿನ ಗಾಜಿನಾಚೆ ಎಲ್ಲೋ ನೋಡುತ್ತಿದ್ದರು.

“ಚೆನ್ನಾಗಿದೆ,” ಎಂದರು. ಆಮೇಲೆ, ತಮ್ಮಷ್ಟಕ್ಕೆ ಎಂಬಂತೆ, “ಅವಳು ಇನ್ನೂ ಮೆಲ್ಲಗೆ ನಿಲ್ಲಿಸ್ತಿದ್ಳು. ನಿಂತಿದ್ದೇ ಗೊತ್ತಾಗ್ತಿರ್ಲಿಲ್ಲ.”

ಅವಳು ಕಾರು ಓಡಿಸಿದ ಅಷ್ಟೂ ವರ್ಷ ಈ ಮಾತನ್ನು ಅವರು ಒಮ್ಮೆಯೂ ಅವಳಿಗೆ ಹೇಳಿದ್ದು ನನಗೆ ನೆನಪಿಲ್ಲ. ದೀಪ ಹಸಿರಾಯಿತು. ಮುಂದಿನ ಸಿಗ್ನಲ್ಲಿನಲ್ಲಿ ನಾನು ಇನ್ನಷ್ಟು ಹಗುರಾಗಿ ಕಾಲಿಡಲು ನೋಡಿದೆ. ಅಪ್ಪಾಜಿ ಇನ್ನೂ ಗಾಜಿನಾಚೆಯೇ ನೋಡುತ್ತಿದ್ದರು.