ಪಗಾರದ ದಿನ, ಗೇಟಿನ ಮುಂದೆ ಅರಿಷಿಣ-ಕುಂಕುಮ

ಟಕ್, ಟಕ್. ಕಬ್ಬಿಣದ ತುದಿಯ ಕೋಲು ಹತ್ತಾರು ಬಿಡಾರಗಳ ನಮ್ಮ ವಾಡೆಯ ಕಲ್ಲಿನ ಅಂಗಳಕ್ಕೆ ಬಡಿಯುವ ಸದ್ದು ಅದು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಬಂದ ಮೊದಲ ಸಂಕ್ರಾಂತಿ. ನಾನಾಗ ಪುಣೆಯ ಕಾನ್ವೆಂಟಿನಲ್ಲಿ ಓದುತ್ತಿದ್ದ ಹುಡುಗಿ. ಆ ಸದ್ದು ಕೇಳಿದರೆ ಅವ್ವ ಒಲೆಯ ಮುಂದೆ ಕೂತಲ್ಲೇ ಕಲ್ಲಾಗುತ್ತಿದ್ದಳು. ಅಪ್ಪ ಹಿತ್ತಲ ಬಾಗಿಲಿನಿಂದ ಹೊರಗೆ! ವೆರಿ ಅನ್‌ಡಿಗ್ನಿಫೈಡ್, ಆದರೆ ನಮ್ಮ ಮನೆ ಹಾಗಿತ್ತು.

ಧಾರವಾಡದಿಂದ ಬಂದ ಅಪ್ಪ ಪುಣೆಯಲ್ಲಿ ಸರಕಾರಿ ಗುಮಾಸ್ತರು. ಅಜ್ಜಿಯ ಆಪರೇಷನ್ನಿಗೆಂದು ಆ ಕೋಲಿನ ಸಾವಕಾರನ ಹತ್ತಿರ ಸಾಲ ತಂದಿದ್ದರು. ಪಗಾರದ ದಿನ ಅವನು ಆಫೀಸಿನ ಗೇಟಿನಲ್ಲೇ ಕಾಯುತ್ತಿದ್ದ. ಅವನು ಬಡ್ಡಿ ಎಣಿಸಿಕೊಂಡ ಮೇಲೆ ಉಳಿದದ್ದು ಕಿರಾಣಿಗೂ ಸಾಲುತ್ತಿರಲಿಲ್ಲ. ಅದಕ್ಕೆ ಅಲ್ಲೇ, ಅವನಿಂದಲೇ ಮತ್ತೆ ಸಾಲ. ಅಜ್ಜಿ ತೀರಿಕೊಂಡರು, ಅಸಲು ಮಾತ್ರ ಕೂತೇ ಇತ್ತು.

ಆ ಸಲ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿಹೋದ: “ಈ ಪಗಾರಕ್ಕ ಹಿಂದಿನ ಬಾಕಿ ಕೂಡಿ ಪೂರಾ ಬಡ್ಡಿ ಬರಲಿಲ್ಲಂದ್ರ ಸಾಲದ ಕಾಗದಾ ಒಯ್ದು ದೊಡ್ಡ ಸಾಹೇಬನ ಮುಂದ ಇಡ್ತೀನಿ.” ಸಾಲಗಾರ ಗುಮಾಸ್ತರನ್ನು ಸಾಹೇಬರು ಇಟ್ಟುಕೊಳ್ಳುತ್ತಿರಲಿಲ್ಲ. ನೌಕರಿ ಹೋಗುವುದು ನಿಶ್ಚಿತ.

ವಾಡೆಯ ಹೆಂಗಸರು ಒಂದು ಭಿಶಿ ನಡೆಸುತ್ತಿದ್ದರು. ತಿಂಗಳಿಗಿಷ್ಟು ಅಂತ ಎಲ್ಲರೂ ಕೂಡಿಸಿ, ಚೀಟಿಯಲ್ಲಿ ಹೆಸರು ಬಂದವಳಿಗೆ ಗಂಟು ಕೊಡುವುದು. ಆ ತಿಂಗಳು ಚೀಟಿ ಎತ್ತಿದ್ದು ನಾನೇ. ಅವ್ವನ ಹೆಸರು ಬರಲೆಂದು ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಕೂಡ ಹೇಳಿಕೊಂಡಿದ್ದೆ. ಬಂದದ್ದು ಎದುರು ಮನೆಯ ಗೋದೂಮಾವಶಿಯ ಹೆಸರು. ಹೊಲಿಗೆ ಮಷಿನ್ ಕೊಳ್ಳಬೇಕೆಂದು ಎರಡು ವರ್ಷದಿಂದ ಕಾದವಳು. ಅವ್ವ ಅಲ್ಲಿಂದ ಎದ್ದು ಹೊರಟುಬಿಟ್ಟಳು.

ಮಾವಶಿ ಹಿಂದೆಯೇ ಬಂದು ಗಂಟನ್ನು ಅವ್ವನ ಉಡಿಯಲ್ಲಿ ಹಾಕಿದಳು. ಅವಳು ಮರಾಠಿಯವಳು, ಅವ್ವನಿಂದ ಕಲಿತ ಕನ್ನಡ.

“ಮಷಿನ್ನೇನು ಓಡಿಹೋಗತದ? ಆಮ್ಯಾಲೆ ತೊಗೋತೀನಿ. ಇದರಾಗ ಅಸಲೂ ತೀರತದ. ಪಣ್, ಈ ರೊಕ್ಕ ನಿನ್ನ ಗಂಡನ ಕೈಯಾಗ ಕೊಡಬ್ಯಾಡ, ಅವರು ಸಾವಕಾರನ ಮಾತಿಗೆ ಬಗ್ಗತಾರ. ನೀನ ಗೇಟಿಗೆ ಹೋಗಿ ಕೊಡು.”

“ಅಯ್ಯ, ಗಂಡಸರ ಆಫೀಸಿಗೆ ನಾ ಹೆಂಗ ಹೋಗ್ಲಿ? ನಮ್ಮನಿಯವರು ಮಂದ್ಯಾಗ ಮಾರಿ ಹೆಂಗ ತೋರಿಸ್ಬೇಕು?”

“ಅಗ, ಸಂಕ್ರಾಂತಿ ಅದ. ಕುಂಕುಮದ ತಬಕ ಹಿಡದ ಮುತ್ತೈದೇರಿಗೆ ಎಲ್ಲಿಗೆ ಹೊಂಟೀರಿ ಅಂತ ಕೇಳಾವ ಯಾಂವ?”

ಅದು ನಿಜ. ಸಂಕ್ರಾಂತಿಯಿಂದ ರಥಸಪ್ತಮಿಯ ತನಕ ನಮ್ಮ ಹೆಂಗಸರು ಅರಿಷಿಣ-ಕುಂಕುಮಕ್ಕೆಂದು ಹಿಂಡುಹಿಂಡಾಗಿ ಮನೆಮನೆಗೆ ಹೋಗುತ್ತಿದ್ದರು. ಯಾವ ಗಂಡನೂ ತಡೆಯುತ್ತಿರಲಿಲ್ಲ.

ಪಗಾರದ ದಿನ ವಾಡೆಯ ಹೆಂಗಸರೆಲ್ಲ ಜರಿಸೀರೆ ಉಟ್ಟು ಗೇಟಿನ ಮುಂದೆ ನಿಂತೆವು. ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು. ಅಪ್ಪ ಹೊರಗೆ ಬಂದರು. ನಮ್ಮನ್ನು ಕಂಡು ಅವರ ಮುಖ ಬಿಳಿಚಿತು.

ಸಾವಕಾರ ನಕ್ಕ. “ಏನು ಬಾಬೂ, ಕಾವಲಿಗೆ ಹೆಣ್ಣಮಕ್ಕಳ್ನ ಕರಕೊಂಡು ಬಂದೀಯೇನು?”

ಅವ್ವ ಗಂಟು ಮುಂದೆ ಮಾಡಿದಳು. “ಅಸಲು, ಬಡ್ಡಿ, ಎಲ್ಲಾ ಅದ. ಕಾಗದಾ ಕೊಡ್ರಿ.”

ಅವನು ಕೈ ಚಾಚಲೇ ಇಲ್ಲ! “ಅಸಲಿಗೇನು ಅವಸರ, ವಹಿನಿ? ನಿಮ್ಮ ಅಡಚಣಿಗೆ ಇಟ್ಕೋರಿ. ಬಡ್ಡಿ ಅಷ್ಟ ಕೊಡ್ರಿ, ಸಾಕು.” ಮಾತು ಬೆಲ್ಲ. ಅಸಲು ತೀರಿದರೆ ಅವನ ತಿಂಗಳ ಬೆಳೆ ಹೋಗುತ್ತಿತ್ತಲ್ಲ!

“ಹೋಗ್ಲಿ ಬಿಡು, ಅವರು ಅಂದಂಗ...” ಎಂದರು ಅಪ್ಪ, ಮೆಲ್ಲಗೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅವ್ವ ಅಪ್ಪನ ಕಡೆ ತಿರುಗಲಿಲ್ಲ. ಚಾಚಿದ ಕೈ ಹಿಂದೆ ತೆಗೆಯಲೂ ಇಲ್ಲ.

ಗೋದೂಮಾವಶಿ ಗೇಟಿನ ನಟ್ಟನಡುವೆ ಕೂತೇಬಿಟ್ಟಳು. “ಬರ್ರೇ, ಇಲ್ಲೇ ಆಗ್ಲಿ ನಮ್ಮ ಅರಿಷಿಣ-ಕುಂಕುಮ!” ಎಲ್ಲರೂ ಸುತ್ತ ಕೂತರು. ಮಾವಶಿ ಎಳ್ಳುಂಡೆ ಎತ್ತಿ ಹಿಡಿದಳು. “ತೊಗೋರಿ ಸಾವಕಾರ, ತಿಂದು ಗೋಡ್ ಗೋಡ್, ಸಿಹಿಸಿಹಿ ಮಾತಾಡ್ರಿ. ಕಾಗದಾ ಬರೂತನಕಾ ನಾವು ಏಳಂಗಿಲ್ಲ.”

ಸೈಕಲ್ಲುಗಳು ನಿಂತವು. ಪಗಾರ ಹಿಡಿದು ಬಂದವರೆಲ್ಲ ಗುಂಪುಗೂಡಿದರು. ಅವರಲ್ಲಿ ಅವನ ಸಾಲಗಾರರೇ ಎಷ್ಟೋ ಜನ. ಹಿಂದಿನಿಂದ ಯಾರೋ ಕೂಗಿದರು: “ಅಸಲು ಕೊಟ್ರ ಒಲ್ಲೆ ಅಂತಾನಲ್ಲೋ ಇಂವಾ!” ನಗು ಎದ್ದಿತು. ನಗುತ್ತಿದ್ದ ಆ ಮುಖಗಳನ್ನು ಸಾವಕಾರ ಒಂದೊಂದಾಗಿ ನೋಡಿದ. ಕೋಟಿನ ಒಳಗಿಂದ ಕಾಗದ ತೆಗೆದು ಅಪ್ಪನ ಕೈಗಿಟ್ಟು, ಗಂಟು ಕಸಿದುಕೊಂಡ. ಅಪ್ಪ ತಮ್ಮ ಸಹಿ ನೋಡಿ, ಅದನ್ನು ಅಲ್ಲೇ ಚೂರುಚೂರಾಗಿ ಹರಿದರು.

ಅಪ್ಪ ಮನೆಗೆ ಬಂದವರೇ ಪಗಾರವನ್ನು ಒಲೆಯ ಪಕ್ಕ ಇಟ್ಟು, “ಇನ್ನ ಮ್ಯಾಲೆ ನೀನ ನೋಡ್ಕೋ” ಎಂದರು. ಅವ್ವ ಭಿಶಿಯ ಕಂತು ತಪ್ಪಿಸದೆ ಕಟ್ಟಿ, ತನ್ನ ಹೆಸರು ಬಂದಾಗ ಗಂಟನ್ನು ಕೊಟ್ಟು ಮಾವಶಿಯ ಋಣ ತೀರಿಸಿದಳು. ಮಷಿನ್ ಬಂತು. ಅಪ್ಪ ಮಾತ್ರ ಮಾವಶಿಯ ಜೊತೆ ಬಹಳ ದಿನ ಮಾತಾಡಲಿಲ್ಲ. ಮೆನ್, ಯು ಸೀ! ಕೋಲಿನ ಸದ್ದು ಮತ್ತೆ ನಮ್ಮ ಅಂಗಳದಲ್ಲಿ ಕೇಳಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನನ್ನ ಮದುವೆಯಾಯಿತು. ಸೊಲ್ಲಾಪುರದ ಗಾಡಿ ಹತ್ತಿಸಲು ಇಡೀ ವಾಡೆ ಸ್ಟೇಷನ್ನಿಗೆ ಬಂದಿತ್ತು. ಅಷ್ಟರಲ್ಲಿ ಮಾವಶಿಯ ಗಂಡ ತೀರಿಕೊಂಡಿದ್ದರು. ಬರಿಗೈ, ಬರಿಹಣೆ. ಹೊಸ ಮದುಮಗಳಿಗೆ ಎದುರಾಗಬಾರದೆಂದು ಪ್ಲ್ಯಾಟ್‌ಫಾರ್ಮಿನ ಕಂಬದ ಹಿಂದೆ ನಿಂತಿದ್ದಳು. ನಾನು ಗಾಡಿಯಿಂದ ಇಳಿದು ಹೋಗಿ ಕುಂಕುಮದ ಭರಣಿ ತೆರೆದು ಹಿಡಿದೆ.

“ಅಗ, ನಾ ಹೆಂಗ ಹಚ್ಚಲಿ?”

“ಅವತ್ತ ಗೇಟಿನ ನಟ್ಟನಡುವ ಕೂತಾಕಿ ನೀ, ಮಾವಶಿ. ಈಗ ಕಂಬದ ಹಿಂದ ನಿಂತೀಯೇನು?”

ಗಾರ್ಡಿನ ಸೀಟಿ ಆಯಿತು. ಅವಳು ಬೆರಳು ಅದ್ದಿ ನನ್ನ ಹಣೆಗೆ ಒತ್ತಿದಳು. ನಾನು ಓಡಿ ಹತ್ತಿ ತಿರುಗಿ ನೋಡಿದಾಗ ಕಂಬದ ಮುಂದೆ ಬಂದು ನಿಂತಿದ್ದಳು, ಕೆಂಪಾದ ಬೆರಳನ್ನು ಹಾಗೇ ಎತ್ತಿ ಹಿಡಿದು.