ಒಂದೇ ಸಲಾಕೆಯ ಎರಡು ಬರೆ

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಗಾಯಗಳ ಮಾತೇ ಹೆಚ್ಚು. ಏನು ಮಾಡುವುದು ಹೇಳಿ? ನಾನು ತಿ. ನರಸೀಪುರದಲ್ಲಿ ಜನರ ಆಸ್ಪತ್ರೆಯ ನರ್ಸ್. ನಮ್ಮವರು ಅದೇ ಊರಿನ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. (ಪೊಲೀಸ್ ಅಲ್ಲ, ಜಾನುವಾರು ಇನ್ಸ್‌ಪೆಕ್ಟರ್. ಹೊಸಬರು ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ.)

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮುದ್ದೆ ಮುರಿಯುತ್ತಾ ಹೇಳಿದರು: "ಇವತ್ತೊಂದು ಎಮ್ಮೆ ಬಂದಿತ್ತು ಕಣೇ. ಹಾಲು ನಿಂತುಹೋಗಿದೆ ಅಂತ ಯಜಮಾನ ಕರ್ಕೊಂಡು ಬಂದಿದ್ದ. ನೋಡಿದ್ರೆ ಕೆಚ್ಚಲ ಪಕ್ಕದಲ್ಲಿ ಬರೆ. ಹೊಟ್ಟೆ ಉಬ್ಬರಕ್ಕೆ ನಾಟಿ ಮದ್ದು ಅಂತ ಹಾಕ್ಸಿದ್ದಂತೆ. ಉಬ್ಬರಕ್ಕೆ ಯಾರಾದ್ರೂ ಕೆಚ್ಚಲ ಹತ್ರ ಹಾಕ್ತಾರಾ?"

"ಎಷ್ಟು ದಪ್ಪ?"

"ಬೆರಳು ದಪ್ಪ. ಗೆರೆ ಎಳೆದಂಗೆ ನೇರ."

ಅಂಥದೇ ಗೆರೆಗೆ ಆ ಬೆಳಿಗ್ಗೆ ನಾನು ಡ್ರೆಸಿಂಗ್ ಮಾಡಿದ್ದೆ. ಮಹದೇವಮ್ಮನ ಮುಂಗೈ ಮೇಲೆ. (ಹೆಸರು ಬದಲಿಸಿದ್ದೇನೆ.) "ಬಾಂಡ್ಲಿ ತಾಕ್ತು ಸಿಸ್ಟರ್" ಅಂದಿದ್ದಳು. ಬಾಂಡ್ಲಿಯ ಅಂಚು ದುಂಡಗಲ್ಲವೇ?

ಎಮ್ಮೆ ಯಜಮಾನನ ಊರು ಕೇಳಿದೆ, ಹೆಸರು ಕೇಳಿದೆ. ಅವಳ ಗಂಡನೇ.

ಸ್ಟೇಷನ್ನಿಗೆ ಹೋದೆ. ಹೆಸರು ಹೇಳದೆ ವಿಷಯ ಮಾತ್ರ ಹೇಳಿದೆ. ಪರಿಚಯದ ಕಾನ್ಸ್‌ಟೇಬಲ್ ಸಮಾಧಾನವಾಗಿಯೇ ಕೇಳಿಸಿಕೊಂಡರು. "ಸ್ವಂತ ಎಮ್ಮೆಗೆ ಬರೆ ಆಕವ್ನೆ ಅಂತ ಏನ್ ಕೇಸ್ ಬರ್ಕಳನ ಸಿಸ್ಟರ್? ಎಂಡ್ರು ಬಂದು ಬರ್ಕೊಡ್ಲಿ, ನೋಡನ."

ಮೂರನೇ ದಿನ ಮಹದೇವಮ್ಮ ಡ್ರೆಸಿಂಗ್ ಬದಲಿಸಲು ಬಂದಳು. "ಮನೇಲಿ ಯಾರಾದ್ರೂ ಹೊಡೀತಾರೇನಮ್ಮ?" ಎಂದೆ. "ಇಲ್ಲ ಸಿಸ್ಟರ್." ಈ ಪ್ರಶ್ನೆಗೆ ಇಷ್ಟು ವರ್ಷದಲ್ಲಿ ನನಗೆ ಬೇರೆ ಉತ್ತರ ಸಿಕ್ಕಿದ್ದೇ ಇಲ್ಲ. ಸುಮ್ಮನೆ ಹತ್ತಿ ಒತ್ತುತ್ತಾ ಇನ್ನೊಂದು ಕೇಳಿದೆ.

"ಎಮ್ಮೆ ಹೆಂಗಿದೆ?"

ಅಷ್ಟೇ. ಅಳುವಿನ ಕಟ್ಟೆ ಒಡೆಯಿತು. "ಬಾಯಿಲ್ದ ಜೀವ ಸಿಸ್ಟರ್! ಆಲ್ ಕರಿಯೋವಾಗ ಒದೀತು ಅಂತ ಸಲಾಕೆ ಕಾಯ್ಸಿ ಇಟ್ಬುಟ್ಟ. ತಡಿಯಕ್ ಓದೆ, ನಂಗೂ ಇಟ್ಟ. ಓದ್ ವರ್ಸ ನಾಯಿ ಸೊಂಟ ಮುರ್ದಿದ್ದ..." ತನ್ನ ಗಾಯವನ್ನು ಎರಡು ಮಾತಿನಲ್ಲಿ ಮುಗಿಸಿದಳು. ಎಮ್ಮೆಯ ನೋವನ್ನು ಹೇಳಿ ಮುಗಿಸಲಾಗಲಿಲ್ಲ ಅವಳಿಗೆ.

ಪೊಲೀಸ್ ಬೇಡವೇ ಬೇಡ ಎಂದಳು. ಸೋಮನಾಥಪುರದ ಕಡೆ ಅಣ್ಣ ಇದ್ದಾನಂತೆ, ಕರೆಯುತ್ತಲೂ ಇದ್ದಾನಂತೆ. "ಮತ್ತೆ ಅಲ್ಲಿಗೆ ಹೋಗಬಾರದೇನಮ್ಮ?" ಎಂದೆ.

"ಇದನ್ ಬುಟ್ಟು ಎಂಗೋಗ್ಲಿ? ಅಣ್ಣನೇ ಕೊಟ್ಟಿದ್ ಎಮ್ಮೆ. ನಾನಿಲ್ದಿದ್ರೆ ಸಾಯಿಸ್ಬುಡ್ತನೆ."

ಎಮ್ಮೆಗಾಗಿ ಏಟು ತಿನ್ನುತ್ತಾ ಕೂತಿದ್ದಾಳೆ! ಮನೆಗೆ ಬಂದು ಹೇಳಿದೆ. ನಮ್ಮವರು "ಎಮ್ಮೇನ ಅಡ್ಮಿಟ್ ಮಾಡ್ಕೊಳ್ಳೋಣ" ಅಂದರು.

ಸುಳ್ಳೇನಲ್ಲ, ಗಾಯ ಕೀವಾಗಿತ್ತು. ಮತ್ತೆ ತೋರಿಸಲು ತಂದಾಗ ಡಾಕ್ಟರ್ ನೋಡಿ, ಹತ್ತು ದಿನ ಇಲ್ಲೇ ಕಟ್ಟಬೇಕೆಂದು ಬರೆದರು. ಯಜಮಾನ ಗೊಣಗುತ್ತಾ ಬಿಟ್ಟುಹೋದ. ಮಹದೇವಮ್ಮ ದಿನಾ ಹುಲ್ಲು ಹೊತ್ತು ತರುತ್ತಿದ್ದಳು. ಗಾಯ ಆರುತ್ತಾ ಬಂದ ಮೇಲೆ ಒಂದು ಬೆಳಿಗ್ಗೆ ಅವಳ ಅಣ್ಣ ಟೆಂಪೋ ತಂದ. ತಂಗಿಯನ್ನೂ ಎಮ್ಮೆಯನ್ನೂ ಹತ್ತಿಸಿಕೊಂಡು ಹೋದ.

ಗಂಡ ಬಂದು ದನದ ಆಸ್ಪತ್ರೆ ಮುಂದೆ ಕೂಗಾಡಿದ. "ಬರೆ ಯಾರು ಹಾಕಿದ್ದು ಅಂತ ಬರೆದು ಸ್ಟೇಷನ್ನಿಗೆ ಕೊಡ್ಲಾ?" ಎಂದರು ನಮ್ಮವರು. ಹೊರಟುಹೋದ. ಕೆಲವೇ ದಿನದಲ್ಲಿ ಊರನ್ನೇ ಬಿಟ್ಟ.

ಊರು ಬಿಟ್ಟ, ಸರಿ. ಆ ಕೈಯನ್ನೂ ಇಲ್ಲೇ ಬಿಟ್ಟು ಹೋದನೇ?

ನಮ್ಮವರಿಗೆ ಇದೇ ಕೊರೆಯುತ್ತಿತ್ತು. ಮೈಸೂರಿನ ಮೀಟಿಂಗಿನಲ್ಲಿ ಎದ್ದು ನಿಂತು, ಬೇಕೆಂದೇ ಮಾಡಿದ ಗಾಯ ಕಂಡರೆ ತಾಲ್ಲೂಕು ತಾಲ್ಲೂಕಿಗೆ ತಿಳಿಸೋಣ, ಹೆಸರು ಬರೆದಿಡೋಣ ಎಂದರಂತೆ. ಸಾಹೇಬರು ನಕ್ಕರಂತೆ. "ದನಕ್ಕೆ ಹೊಡೆಯೋರ ಲಿಸ್ಟ್ ಮಾಡಿದ್ರೆ ವೋಟರ್ ಲಿಸ್ಟೇ ಆಗತ್ತೆ ಕಣ್ರೀ!"

"ಸಿಟ್ಟಲ್ಲಿ ಒಂದೇಟು ಹಾಕೋನು ಬೇರೆ ಸಾರ್. ಸಲಾಕೆ ಕೆಂಪಗಾಗೋವರೆಗೂ ಒಲೆ ಮುಂದೆ ಕೂತು ಕಾಯೋನು ಬೇರೆ."

ಯಾರೂ ನಗಲಿಲ್ಲ. ಯಾರೂ ಬರೆದುಕೊಳ್ಳಲೂ ಇಲ್ಲ. ಇವರೇ ಚೀಟಿಗಳಲ್ಲಿ ಆ ಹೆಸರು ಬರೆದು, ಊಟದ ವೇಳೆ ಸುತ್ತಲಿನ ತಾಲ್ಲೂಕಿನವರಿಗೆ ಹಂಚಿ ಬಂದರು.

ಯೋಚಿಸಿ. ಹುಚ್ಚುನಾಯಿ ಕಚ್ಚಿದರೆ ಬರೆದಿಡುತ್ತೇವೆ. ವಾಂತಿ-ಭೇದಿ ಬಂದ ಮನೆಯನ್ನು ಹುಡುಕಿಕೊಂಡು ಹೋಗುತ್ತೇವೆ, ಪಕ್ಕದ ಮನೆಗೆ ಹರಡದಿರಲಿ ಅಂತ. ಮೂಕಪ್ರಾಣಿಯನ್ನು ಸುಟ್ಟ ಕೈ ಮುಂದೆ ಯಾರ ಮೇಲೆ ಬೀಳುತ್ತದೆ ಎಂದು ಹುಡುಕುವವರು ಯಾರು? ಅದು ಯಾವ ಇಲಾಖೆಗೂ ಸೇರಿಲ್ಲ.

ಮೊನ್ನೆ ಬೆಳಿಗ್ಗೆ ಫೋನ್ ಬಂತು. ನಂಜನಗೂಡಿನಲ್ಲಿರುವ ನಮ್ಮವರ ಸಹೋದ್ಯೋಗಿ. "ನೀವು ಕೊಟ್ಟಿದ್ರಲ್ಲ ಚೀಟಿ, ಆ ಮನುಷ್ಯ ಈಗ ನಮ್ಮ ಕಡೆ ಇದಾನೆ ಸಾರ್. ಒಂದು ಕರು ಹಿಡ್ಕೊಂಡು ಬಂದಿದ್ದ. ಬಾಲದ ಬುಡದಲ್ಲಿ ಬರೆ."

ನಮ್ಮವರು ಗಾಯ ಎಷ್ಟು ಆಳ, ಏನು ಔಷಧಿ ಎಂದು ವಿಚಾರಿಸತೊಡಗಿದರು. ನಾನು ಫೋನ್ ಕಿತ್ತುಕೊಂಡು ಒಂದೇ ಮಾತು ಕೇಳಿದೆ:

"ಅವನ ಮನೇಲಿ ಈಗ ಯಾರ್ಯಾರಿದಾರೆ?"