ಡಾಕ್ಟರ ಮುಖ ಕಂಡವಳು

ಆ ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಿಡಿಯೋ ಅಕ್ಕ ಎಂದೇ. ಆಪರೇಷನ್ನಿಗೆ ಮುಂಚೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಆಗ ಬಸುರಿಯನ್ನು ಎದುರಿನಿಂದ ತಬ್ಬಿ, ಬೆನ್ನು ಬಾಗಿಸಿ, ಅಲುಗದಂತೆ ಹಿಡಿಯುವುದು ಅವಳ ಕೆಲಸ. "ಉಸಿರು ಬಿಡು ಮಗಳೇ, ನನ್ನ ಮೇಲೆ ಭಾರ ಹಾಕು" ಎಂದರೆ ಎಂಥ ಗಟ್ಟಿಗಿತ್ತಿಯೂ ಮೆತ್ತಗಾಗುತ್ತಿದ್ದಳು. ಹದಿನೆಂಟು ವರ್ಷದಿಂದ ಹೀಗೇ. ಕೋಣೆ ಒರೆಸುವುದೂ ಅವಳ ಪಾಲಿಗೇ.

ಒಂದು ವಾರ ಇಬ್ಬರು ಬಾಣಂತಿಯರಿಗೆ ಆಪರೇಷನ್ನಿನ ಮಾರನೆಯ ದಿನವೇ ಕೆಂಡದಂಥ ಜ್ವರ ಬಂತು, ಕತ್ತು ಕೊರಡಿನಂತೆ ಸೆಟೆದುಕೊಂಡಿತು. ಮೆದುಳಿನ ಪೊರೆಗೆ ಸೋಂಕು ಎಂದರು. ಪುಣ್ಯಕ್ಕೆ ಬೇಗ ಔಷಧಿ ಬಿದ್ದು ಇಬ್ಬರೂ ಉಳಿದರು. ಆದರೆ ಸೋಂಕು ಬಂದದ್ದೆಲ್ಲಿಂದ? ಸೀಸೆ, ಸೂಜಿ, ನೀರು, ಯಾವುದರಲ್ಲೂ ಏನೂ ಸಿಗಲಿಲ್ಲ. ಬೊಟ್ಟು ಅಕ್ಕನ ಕಡೆ ತಿರುಗಿತು.

"ಸೂಜಿ ಟ್ರೇ ಏನಾದ್ರೂ ಮುಟ್ಟಿದ್ಯಾ ಅಕ್ಕ? ಈಗಲೇ ಹೇಳ್ಬಿಡು. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ ಅಂತಾರೆ ಮೇಲಿನೋರು" ಎಂದರು ಹಿರಿಯ ಸಿಸ್ಟರು, ಎಲ್ಲರ ಮುಂದೆ.

ಇಂಜೆಕ್ಷನ್ ಕೊಡುವ ಅರಿವಳಿಕೆ ಡಾಕ್ಟರೂ ಅಲ್ಲೇ ಕೂತಿದ್ದರು. ಒಳ್ಳೆಯ ಮನುಷ್ಯ, ಹೆದರಿದವರನ್ನು ನಗಿಸಿಯೇ ಸೂಜಿ ಹಾಕುವವರು. ತಾನು ಕಂಡದ್ದು ಹೇಳಿದರೆ ಅವರ ಮಾನ ಹೋಗುತ್ತದೆ, ಎನಿಸಿತು ಅಕ್ಕನಿಗೆ. ಹೇಳದಿದ್ದರೆ ತನ್ನ ಕೆಲಸವಷ್ಟೇ ಅಲ್ಲ, ನಾಳೆ ಇನ್ನೊಬ್ಬಳ ಜೀವವೂ ಹೋದೀತು.

"ಟ್ರೇ ಮುಟ್ಟಿಲ್ಲ ಸಿಸ್ಟರ್. ಸೂಜಿ ಹಾಕೋವಾಗ ನೀವೆಲ್ಲ ಡಾಕ್ಟರ ಹಿಂದಿರ್ತೀರಿ. ಅವರ ಮುಖ ಕಾಣೋದು ನನಗೊಬ್ಬಳಿಗೇ. ಸಾರ್, ತಪ್ಪು ತಿಳ್ಕೋಬೇಡಿ. ಆ ಎರಡು ಸಲಾನೂ ನೀವು ಮಾಸ್ಕ್ ಗದ್ದಕ್ಕಿಳಿಸಿ ಜೋಕ್ ಹೇಳಿದ್ರಿ. ಒಬ್ಬಳಿಗೆ, 'ನನ್ನ ಸೂಜಿಗಿಂತ ನಿಮ್ಮತ್ತೆ ನಾಲಿಗೆ ಚೂಪು' ಅಂದ್ರಿ. ಇನ್ನೊಬ್ಬಳಿಗೆ ಗಂಡನ ಗೊರಕೆ ವಿಷ್ಯ. ಉಗುಳಿನ ಹನಿ ಅವರ ಬೆನ್ನಿನ ಕಡೆಗೆ ಹಾರಿದ್ದು ಕಂಡೆ."

ಡಾಕ್ಟರ ಮುಖ ಕಪ್ಪಿಟ್ಟಿತು.

"ಜೋಕೂ ನೆನಪಿಟ್ಟಿದ್ದೀಯಲ್ಲಕ್ಕ!" ಎಂದು ಎದ್ದರು. "ಸಿಸ್ಟರ್, ಅವಳನ್ನ ಬಿಡಿ. ಮೊದಲು ನನ್ನ ಗಂಟಲು ಪರೀಕ್ಷೆ ಮಾಡ್ಸಿ."

ನಾಲ್ಕನೆಯ ದಿನ ವರದಿ ಬಂತು. ಬಾಣಂತಿಯರ ಬೆನ್ನಿನಿಂದ ತೆಗೆದ ನೀರಿನಲ್ಲಿದ್ದ ಕ್ರಿಮಿಯೇ ಡಾಕ್ಟರ ಗಂಟಲಲ್ಲೂ ಇತ್ತು. ಇಬ್ಬರು ಬಾಣಂತಿಯರ ಬಳಿಯೂ ಅವರೇ ಹೋಗಿ ತಪ್ಪೊಪ್ಪಿಕೊಂಡರು. ಅಂದಿನಿಂದ ಹೊಸ ಕಟ್ಟಳೆ: ಅಕ್ಕ ತಲೆಯಾಡಿಸದೆ ಯಾರೂ ಸೂಜಿ ಎತ್ತುವಂತಿಲ್ಲ.

ತಿಂಗಳ ನಂತರ ಇಂಜೆಕ್ಷನ್ ಕೊಡಲು ಹೊರಗಿನಿಂದ ಭಾರೀ ಹೆಸರಿನ ಡಾಕ್ಟರೊಬ್ಬರು ಬಂದರು. ಮಾಸ್ಕ್ ಬಾಯಿಗಷ್ಟೇ.

"ಸಾರ್, ಮೂಗು" ಎಂದಳು ಅಕ್ಕ.

"ನಾನ್ಯಾರು ಗೊತ್ತಾ?"

"ಗೊತ್ತು ಸಾರ್. ಮೂಗು."

ಸಿಸ್ಟರು ಟ್ರೇಯನ್ನು ಹಿಂದಕ್ಕೆಳೆದು ನಿಂತರು. ಡಾಕ್ಟರು ಅತ್ತಿತ್ತ ನೋಡಿ ಮಾಸ್ಕ್ ಮೇಲಕ್ಕೇರಿಸಿದರು. ಆಮೇಲೇ ಅಕ್ಕ ತಲೆಯಾಡಿಸಿದ್ದು.